ಕೆಳಗೆ ನಿಂತವಳ ಸಹಿ

ಜಡೆ, ಸೊರಬ ತಾಲ್ಲೂಕು
೧೧ ಮಾರ್ಚ್ ೨೦೨೫

ನನ್ನ ಹೆಗಲೇರಿ ನಿಂತ ಮಮತಾಳಿಗೆ,

‘ಪ್ರೀತಿಯ’ ಎಂದು ಬರೆಯಲು ಪೆನ್ನೆತ್ತಿದೆ, ಕೈ ಬರಲಿಲ್ಲ. ಸಿಟ್ಟು ಇಳಿದರೆ ಕೊನೆಯಲ್ಲಿ ಬರೆಯುತ್ತೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಹೇಳಬೇಕಾದ್ದು ಹಾಗೇ ಉಳಿದುಹೋಗುತ್ತದೆ.

ನಿನ್ನ ವೀಸಾ ವಕೀಲರು ಬೆಂಗಳೂರಿನಿಂದ ಕಳಿಸಿದ ಪತ್ರ ತಲುಪಿತು. ನಾನು ಹೇಳಬೇಕಾದ ಮಾತನ್ನೆಲ್ಲ ಅವರೇ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ನನ್ನ ಹೆಸರು ಟೈಪು ಮಾಡಿ, ಸಹಿಗೆ ಜಾಗ ಬಿಟ್ಟಿದ್ದಾರೆ. ಈ ಮೀನಾ ಸೊರಬದಲ್ಲಿ ಬಿ.ಎ. ಓದಿದ್ದಾಳೆಂದು ಅವರಿಗೆ ಯಾರೂ ಹೇಳಿಲ್ಲವೋ ಏನೋ, ನನಗೆ ಒಂದೊಂದು ಸಾಲೂ ಅರ್ಥವಾಯಿತು. ನಮ್ಮ ಮಹಿಳಾ ಡೊಳ್ಳು ತಂಡ ಕಟ್ಟಿದವಳು ಮಮತಾಳಂತೆ. ಹೆಜ್ಜೆ, ಪೆಟ್ಟು, ಎಲ್ಲವೂ ಅವಳೊಬ್ಬಳ ಕಲ್ಪನೆ. ಉಳಿದವರು ಅವಳು ಹೇಳಿಕೊಟ್ಟಂತೆ ಬಾರಿಸುವವರು. ಇದನ್ನೆಲ್ಲ ನಾನು ಸ್ವಂತ ಇಚ್ಛೆಯಿಂದ ಹೇಳುತ್ತಿದ್ದೇನಂತೆ!

ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಕುರಿಗಳಿಗೆ ನೀರಿಡುತ್ತಿದ್ದವರು ಬಕೆಟ್ ಕೆಳಗಿಟ್ಟರು. "ಎಂತದೇ ಇದು? ನಾನು ಸತ್ತೋದ್ನೇನೇ? ನಿಮ್ಮಿಬ್ರಿಗೂ ಕೋಲು ಹಿಡಿಯಾದು ಕಲಿಸ್ದೋನು ಯಾರು?" ಎಂದು ಕೇಳಿ, ಆಮೇಲೆ ತಾವೇ ನಕ್ಕರು. ನನಗೆ ನಗು ಬರಲಿಲ್ಲ.

ಶಿಕಾರಿಪುರದ ಕಾರ್ಯಕ್ರಮ ನೆನಪಿದೆಯಾ? ಇಂಗ್ಲೆಂಡಿನ ಆ ವಾದ್ಯ ತಂಡದವರು ಬಂದು, ಮೇಲೆ ನಿಂತವಳೂ ಬೇಕು, ಕೆಳಗೆ ಹೊತ್ತವಳೂ ಬೇಕು ಎಂದರಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ, ಅಲ್ಲಿನ ಚಳಿಗೆ ನಮ್ಮ ಕಂಬಳಿ ಸಾಲುತ್ತದೋ ಇಲ್ಲವೋ ಎಂದು ಇಬ್ಬರೂ ಜಗಳವಾಡಿದ್ದೆವು. ಆಮೇಲೆ ಬಂತು ಈ ಅಸಾಧಾರಣ ಪ್ರತಿಭೆಯ ವೀಸಾ. ಅದು ಒಬ್ಬೊಬ್ಬರಿಗೇ ಕೊಡುವುದಂತೆ. ಒಂದೇ ಹೆಜ್ಜೆಯನ್ನು ಇಬ್ಬರೂ ತಮ್ಮದೆಂದರೆ ಇಬ್ಬರ ಅರ್ಜಿಯೂ ಕೆಡುತ್ತದಂತೆ. ಪುರಾವೆ ಜಾಸ್ತಿ ಇರುವವಳು ಮೊದಲು ಹೋಗಲಿ ಎಂದರು ವಕೀಲರು. ಪುರಾವೆ ನಿನ್ನ ಹತ್ತಿರವೇ ಜಾಸ್ತಿ. ಫೋಟೊ ತೆಗೆಯುವವರೆಲ್ಲ ಮೇಲೆ ನಿಂತವಳ ಕಡೆಗೇ ಕ್ಯಾಮರಾ ತಿರುಗಿಸುತ್ತಾರೆ.

ಪೇಪರಿನವರು ಹೆಸರು ಕೇಳಿದಾಗಲೆಲ್ಲ, ತಂಡದ ಹೆಸರು ಹಾಕಿ ಸಾಕು ಎಂದವರು ನಾವೇ. ಸನ್ಮಾನದ ಶಾಲನ್ನು ಯಾರೂ ಹೊದೆಯದೆ ಡೊಳ್ಳಿಗೆ ಹೊದಿಸಿದವರೂ ನಾವೇ. ಅಪ್ಪನ ಕಟ್ಟಳೆ ಅದು. ಈಗ ಪ್ರಶಸ್ತಿಪತ್ರಗಳಲ್ಲಿ ಒಂದರಲ್ಲೂ ನಿನ್ನ ಹೆಸರಿಲ್ಲ, ಅದಕ್ಕೇ ನನ್ನ ಸಹಿ ಬೇಕಾಗಿದೆ. ಯಾರ ಮೇಲೆ ರೇಗಬೇಕು ಹೇಳು?

ಪತ್ರದ ಜೊತೆ ಫೋಟೊದ ನಕಲನ್ನೂ ಇಟ್ಟಿದ್ದಾರೆ. ಬಂದಳಿಕೆ ಜಾತ್ರೆಯಲ್ಲಿ ತೆಗೆದದ್ದು. ಸರಿಯಾಗಿ ನಿನ್ನ ಪಾದದ ಹತ್ತಿರ ಕತ್ತರಿಸಿದ್ದಾರೆ. ನೀನು ಗಾಳಿಯಲ್ಲಿ ನಿಂತು ಡೊಳ್ಳು ಬಾರಿಸುತ್ತಿದ್ದೀಯ, ಮಾರಾಯ್ತಿ! ಹೊತ್ತವಳು ಬಾರಿಸುತ್ತಲೇ ಕೂತು, ಬಾರಿಸುತ್ತಲೇ ಏಳುವ ಹೆಜ್ಜೆ ಅದು. ಅದನ್ನು ನಮ್ಮ ಕಣದಲ್ಲಿ ನಾನು ಮೊದಲು ಮಾಡಿ ತೋರಿಸಿದಾಗ, ನಿನಗೆ ತಲೆ ಕೆಟ್ಟಿದೆಯಾ ಎಂದು ಬೈದವಳು ನೀನು. ಬಲಗಾಲಿಗೇ ಭಾರ ಹಾಕುವ ನಿನ್ನ ಕೆಟ್ಟ ಚಾಳಿಯನ್ನೂ ಸಹಿಸಿಕೊಂಡು ಕಲಿಸಿದೆ. ಈಗ ಸಹಿ ಹಾಕಿದರೆ ಆ ಹೆಜ್ಜೆಯೇ ನನ್ನದಲ್ಲ ಎಂದಾಗುತ್ತದೆ. ನಾಳೆ ನಾನು ಇಂಥದೇ ವೀಸಾ ಕೇಳಿದರೆ, ಇದೇ ಪತ್ರ ತೆಗೆದು ನನ್ನ ಮುಂದೆ ಹಿಡಿಯುತ್ತಾರೆ.

ಅದನ್ನೇ ವಕೀಲರಿಗೆ ಫೋನಿನಲ್ಲಿ ಕೇಳಿದೆ. ನೀವು ಅರ್ಜಿ ಹಾಕುತ್ತಿಲ್ಲವಲ್ಲ ಮೇಡಂ, ನಿಮಗೇನು ನಷ್ಟ ಎಂದರು. ಇಲ್ಲ, ನಾನು ಹಾಕುತ್ತಿಲ್ಲ ಎಂದೆ. ನಿಜ ತಾನೇ? ನಾನು ಹೋದರೆ ಕುರಿ ನೋಡುವವರು ಯಾರು, ತಂಡ ನೋಡುವವರು ಯಾರು? ನನಗೆ ಆ ದೇಶದ ಆಸೆ ಯಾವತ್ತೂ ಇರಲಿಲ್ಲ. ಮಂಡಕ್ಕಿ ತಿನ್ನುವಾಗ ಏನೋ ಮಾತಾಡಿರಬಹುದು.

ನಿನ್ನೆ ನಿನ್ನ ಜಾಗಕ್ಕೆ ಹೊಸ ಹುಡುಗಿ ಧನ್ಯಾಳನ್ನು ಏರಿಸಿಕೊಂಡು ನೋಡಿದೆ. ತೂಕದಲ್ಲಿ ನಿನ್ನ ಅರ್ಧವೂ ಇಲ್ಲ. ಆದರೆ ಕಾಲ್ಬೆರಳಿನಿಂದ ನನ್ನ ಹೆಗಲನ್ನು ಚಿವುಟಿ ಹಿಡಿದು, ಮತ್ತೆ ಮತ್ತೆ ಬಗ್ಗಿ ನೋಡುತ್ತಾಳೆ. ಪೆಟ್ಟು ತಪ್ಪುತ್ತದೆ. ನೀನು ಒಂದು ದಿನವೂ ಕೆಳಗೆ ನೋಡಿದವಳಲ್ಲ. ನಾನಿದ್ದೇನೋ ಇಲ್ಲವೋ ಎಂಬ ಅನುಮಾನವೇ ನಿನಗಿರಲಿಲ್ಲ. ಅವಳನ್ನು ಇಳಿಸಿ, ಕಣದಲ್ಲೇ ಕೂತು ಅತ್ತೆ ಕಣೇ. ನಿನ್ನ ಹಾಗೆ ನಿಲ್ಲುವವಳು ಇನ್ನೊಬ್ಬಳಿಲ್ಲ. ಆ ಪತ್ರದಲ್ಲಿ ಅದೊಂದನ್ನೇ ಬರೆದಿದ್ದರೆ ಓದಿದ ತಕ್ಷಣ ಸಹಿ ಹಾಕುತ್ತಿದ್ದೆ.

ಈಗಲೂ ಹಾಕಿದ್ದೇನೆ. ಒಂದು ಅಕ್ಷರವನ್ನೂ ತಿದ್ದಿಲ್ಲ. ಇದರ ಜೊತೆಗೇ ಇದೆ, ತೆಗೆದುಕೊ. ವೀಸಾ ಬಂದ ದಿನ ಮೊದಲ ಫೋನ್ ಅಪ್ಪನಿಗೆ ಮಾಡು, ಅವರು ನಿನ್ನ ಮೇಲೆ ಮುನಿಸಿಕೊಂಡಿಲ್ಲ. ಎರಡನೆಯದು ನನಗೆ. ಎತ್ತದಿದ್ದರೆ ಇನ್ನೊಮ್ಮೆ ಮಾಡು.

ಇಂತಿ,
ಸಿಟ್ಟು ಇನ್ನೂ ಪೂರ್ತಿ ಇಳಿಯದ, ಪ್ರೀತಿಯ
ಮೀನಾ

ಮರೆತಿದ್ದೆ: ನಾನೂ ಪಾಸ್‌ಪೋರ್ಟ್ ಮಾಡಿಸಿದ್ದೇನೆ. ವಕೀಲರ ಪತ್ರ ಬರುವ ಮೊದಲೇ ಬಂದಿತ್ತು. ನಿನಗೆ ತೋರಿಸಿ ಚಕಿತಗೊಳಿಸಬೇಕೆಂದು ಯಾರಿಗೂ ಹೇಳಿರಲಿಲ್ಲ. ಶಿವಮೊಗ್ಗದಲ್ಲಿ ಫೋಟೊ ತೆಗೆಯುವವನು, "ಬಲಗಡೆ ಹೆಗಲು ಕೆಳಗೈತ್ರೀ, ಸ್ವಲ್ಪ ಎತ್ರಿ" ಎಂದ. ಎಷ್ಟು ಎತ್ತಿದರೂ ಎಡಕ್ಕೆ ಸಮ ಬರಲಿಲ್ಲ. ಇರಲಿ, ಹಾಗೇ ತೆಗೀರಿ ಎಂದೆ. ಪಾಸ್‌ಪೋರ್ಟು ಹತ್ತು ವರ್ಷ ನಡೆಯುತ್ತದಂತೆ. ಅಲ್ಲಿಗೆ ಹೋದ ಮೇಲೆ ಆ ಕೂತೇಳುವ ಹೆಜ್ಜೆ ಮಾಡಿ ತೋರಿಸು ಎಂದು ಕೇಳಿಯೇ ಕೇಳುತ್ತಾರೆ. ನಿನ್ನೊಬ್ಬಳಿಂದ ಅದು ಆಗುವುದಿಲ್ಲ. ಆಗ ನನ್ನ ಹೆಸರು ಹೇಳು.