ನೀಲವ್ವನಿಗೆ ಕಟ್ಟಿದ ಮಾತಾಡದ ಮನೆ

ವಿಜಯಪುರ, ೨೧೯೧ನೆಯ ಇಸವಿ
ಮರುವೈಶಾಖ, ಹನ್ನೊಂದನೆಯ ದಿನ

ಒಂದೂವರೆ ಶತಮಾನಕ್ಕೂ ಹಿಂದಿರುವ ಹಿರಿಯರಿಗೆ ಸಫೂರಾ ಬಾಗವಾನಳ ಸಲಾಮು.

ಮೇಲೆ ಬರೆದ ತಿಂಗಳು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಬೇಸಿಗೆ ಬೆಳೆದು ಬೆಳೆದು ಇದ್ದ ತಿಂಗಳುಗಳಲ್ಲಿ ಹಿಡಿಸದಂತಾದಾಗ ನಮ್ಮ ಅಜ್ಜಂದಿರು ವೈಶಾಖದ ಬೆನ್ನಿಗೇ ಇನ್ನೊಂದು ವೈಶಾಖವನ್ನು ಸೇರಿಸಿಕೊಂಡರು. ಪತ್ರದಲ್ಲಿ ಇಂಥ ಇನ್ನೂ ಕೆಲವು ಪದಗಳು ಬರುತ್ತವೆ. ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಾನು ಬರವಣಿಗೆಯವಳಲ್ಲ, ಮನೆಗಳ ಒಳಾಂಗಣ ರೂಪಿಸುವುದು ನನ್ನ ಕಸುಬು. ಈಗ ಎಪ್ಪತ್ತರ ಹತ್ತಿರ ಬಂದಿದ್ದೇನೆ. ನಾನು ಮಾಡಿದ ಮನೆಗಳಲ್ಲಿ ಒಂದರ ವಿಷಯ ನಿಮಗೆ ಹೇಳಲೇಬೇಕಾಗಿದೆ.

ಮೊದಲು ನಾವು ಹೇಗೆ ಬದುಕುತ್ತೇವೆ ಎಂಬುದನ್ನು ತಿಳಿಸುತ್ತೇನೆ. ಬಿಸಿಲಿಗೆ ಹೆದರಿ ಮನೆಗಳನ್ನು ಅರ್ಧ ನೆಲದೊಳಗೆ ಇಳಿಸಿ ಕಟ್ಟುತ್ತೇವೆ. ಅವನ್ನು ನೆಲಮನೆ ಎನ್ನುತ್ತೇವೆ. ಬೆಳಕು ಮೇಲಿನ ಕಿಂಡಿಗಳಿಂದ ಇಳಿಯುತ್ತದೆ, ಗಾಳಿ ಮಣ್ಣಿನ ಕೊಳವೆಗಳಲ್ಲಿ ಸುತ್ತಿ ತಣ್ಣಗಾಗಿ ಬರುತ್ತದೆ. ಉಳ್ಳವರ ಮನೆಗಳಲ್ಲಿ ಕಾವಲುಗೋಡೆ ಇರುತ್ತದೆ. ಗೋಡೆಯೊಳಗೆ ಕಣ್ಣು, ಕಿವಿ, ಬಾಯಿ ಎಲ್ಲವೂ ಇವೆ. ನೀವು ಕೆಮ್ಮಿದರೆ ಬಿಸಿನೀರು ಕಾಯಿಸುತ್ತದೆ. ಮುಖ ಬಾಡಿದ್ದರೆ ಬೆಳಕಿನ ಬಣ್ಣ ಬದಲಿಸಿ ಸಂಪಿಗೆಯ ವಾಸನೆ ಬಿಡುತ್ತದೆ. ಹೆಜ್ಜೆ ತಪ್ಪಿದರೆ ನೆಲವೇ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಐಷಾರಾಮದ ಮನೆ ಎಂದರೆ ಇದೇ. ಒಳಗಿರುವವರು ಏನನ್ನೂ ಮಾಡಬೇಕಾಗಿಲ್ಲ ಎಂಬುದೇ ಅದರ ಹೆಮ್ಮೆ. ನಾನೂ ಅಂಥವನ್ನು ಬಹಳ ಮಾಡಿದ್ದೇನೆ. ಅವುಗಳಲ್ಲಿ ಸುಖವಾಗಿರುವವರು ಇದ್ದಾರೆ.

ರಾಚಪ್ಪ ಬಿದರಕುಂದಿಯವರು ನನ್ನನ್ನು ಕರೆಸಿದಾಗ ನನಗೆ ಮೂವತ್ತೈದರ ಆಸುಪಾಸು. ಮೈಗೆ ತಂಪು ಕೊಡುವ ಬಟ್ಟೆ ನೇಯುವ ಗಿರಣಿಗಳ ಮಾಲೀಕರು ಅವರು. ಇಡೀ ಊರು ಸಾವಕಾರ್ರು ಎಂದೇ ಕರೆಯುತ್ತಿತ್ತು. ಅವರ ಹೆಂಡತಿ ನೀಲವ್ವನ ಕಣ್ಣು ಹೋಗುತ್ತಿತ್ತು. ನಮ್ಮ ಕಾಲದ ವೈದ್ಯರು ಕಣ್ಣನ್ನು ಹೊಸದಾಗಿ ಬೆಳೆಸಿ ಕೂರಿಸಬಲ್ಲರು. ನೀಲವ್ವನ ಮೈ ಮಾತ್ರ ಅದನ್ನು ಒಪ್ಪಲಿಲ್ಲ. ಕೆಲವು ವರ್ಷಗಳಲ್ಲಿ ಪೂರ್ತಿ ಕತ್ತಲೆ ಎಂದು ಹೇಳಿಬಿಟ್ಟಿದ್ದರು. ಅವಳಿಗಾಗಿ ಹೊಸ ನೆಲಮನೆ ಕಟ್ಟಿಸುತ್ತೇನೆ, ಇಡೀ ಸೀಮೆಯಲ್ಲೇ ಇಲ್ಲದಂಥ ಕಾವಲುಗೋಡೆ ಹಾಕಿಸುತ್ತೇನೆ, ಅವಳು ಒಂದು ಲೋಟವನ್ನೂ ಎತ್ತಬಾರದು ಎಂದು ಸಾವಕಾರ್ರು ಹೇಳಿದರು. ಆ ಮನುಷ್ಯ ಜಂಬಕ್ಕೆ ಮಾಡಿಸುತ್ತಿರಲಿಲ್ಲ, ಹೆದರಿದ್ದರು.

ಅವರ ಹಳೆಯ ಮನೆಯಲ್ಲೂ ಕಾವಲುಗೋಡೆ ಇತ್ತು. ನೀಲವ್ವ ನನಗೆ ಚಹಾ ತರಲು ಎದ್ದರೆ ಗೋಡೆ, ಬಲಕ್ಕೆ ತಿರುಗಿ, ಮುಂದೆ ಕುರ್ಚಿ ಇದೆ, ನಿಧಾನ, ಎನ್ನುತ್ತಲೇ ಇತ್ತು. ಅವಳು ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು. ನಡು ಮಧ್ಯಾಹ್ನದ ಬಿಸಿಲು. ಬೇವಿನ ಗಿಡದ ಕೆಳಗೂ ಗಾಳಿ ಸುಡುತ್ತಿತ್ತು. ಗೋಡೆಯ ಕಿವಿಗೆ ಬೀಳದ ಜಾಗ ಅದೊಂದೇ ಎಂದು ನನಗೆ ಆಮೇಲೆ ಹೊಳೆಯಿತು.

"ತಂಗಿ, ಆ ಮನಿ ಎಷ್ಟ್ ಮಾತಾಡ್ತೈತಿ ಅಂದ್ರ ನನ್ನ ಕಾಲು ಏನ್ ಹೇಳ್ತಾವ ನನಗ ಕೇಳಸಂಗಿಲ್ಲ" ಎಂದಳು. "ಇನ್ನ ಸ್ವಲ್ಪ ಕಣ್ಣ್ ಅದಾವ. ಅವು ಹೋಗೂದ್ರಾಗ ಒಂದ್ ಮನಿ ನಾನ ಕಲೀಬೇಕು. ನೀ ಅಂಥಾದ್ದು ಮಾಡಿಕೊಡ್ತಿ ಏನು?"

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ, ಒಳಗೆ ಹೋಗಿ ಗಂಡನ ಎದುರು ಅದನ್ನೇ ಹೇಳಿದಳು. ಸಾವಕಾರ್ರು ನನ್ನ ಕಡೆ ನೋಡಿದರು. ಗೋಡೆಗೆ ಬಾಯಿಲ್ಲದ ಮನೆಯನ್ನಾದರೆ ನಾನು ಮಾಡುತ್ತೇನೆ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ, ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆಕೆ ಬಿದ್ದರೆ ಯಾರು ಹೊಣೆ ಎಂದು ಅವರು ನನ್ನನ್ನು ಕೇಳಿದರು.

"ನಾನು" ಎಂದಳು ನೀಲವ್ವ.

ಬಿದ್ದ ದಿನವೇ ಕಾವಲುಗೋಡೆ ಕೂರಿಸುತ್ತೇನೆ ಎಂಬ ಷರತ್ತಿನ ಮೇಲೆ ಸಾವಕಾರ್ರು ಒಪ್ಪಿದರು.

ಆ ಮನೆಗೆ ಒಂದು ವರ್ಷ ಹಿಡಿಯಿತು. ನೀಲವ್ವ ದಿನವೂ ಬಂದು ಬರಿಗಾಲಲ್ಲಿ ಓಡಾಡುತ್ತಿದ್ದಳು. ನಡುಮನೆಗೆ ನುಣ್ಣಗಿನ ಶಹಾಬಾದ ಕಲ್ಲು, ಅಡುಗೆಮನೆಗೆ ಸ್ವಲ್ಪ ಒರಟು ಬಿಟ್ಟ ಕರಿಕಲ್ಲು, ಮಲಗುವ ಕೋಣೆಗೆ ತೇಗದ ಹಲಗೆ ಹಾಕಿದೆವು. ಕಾಲು ಇಟ್ಟರೆ ಸಾಕು, ಎಲ್ಲಿದ್ದೇನೆ ಎಂದು ತಿಳಿಯಬೇಕು. ಮೆಟ್ಟಿಲು ಬರುವ ಮುನ್ನ ನೆಲದಲ್ಲಿ ಉದ್ದುದ್ದ ಗೆರೆ ಕೊರೆಸಿದೆ. ಗೋಡೆಗೆ ಸುಣ್ಣದ ಗಚ್ಚು ಬಳಿದು ರೇಷ್ಮೆಯಂತೆ ಉಜ್ಜಿಸಿ, ಕೈ ತಾಗುವ ಎತ್ತರದಲ್ಲಿ ಒಂದು ಅಂಚು ಓಡಿಸಿದೆ. ಬಾಗಿಲು ಹತ್ತಿರವಾದರೆ ಆ ಅಂಚು ಅಗಲವಾಗುತ್ತದೆ. ನಡುಮನೆಯ ಮೂಲೆಯಲ್ಲಿ ನೀರು ಸಣ್ಣಗೆ ಹರಿಯುವಂತೆ ಕಲ್ಲಿನ ಕುಂಡ ಇರಿಸಿದೆ, ಅದರ ಸದ್ದು ಅವಳಿಗೆ ದಿಕ್ಕು ತೋರಿಸಲಿ ಎಂದು. ಪೂರ್ವದ ಕಿಂಡಿಯನ್ನು ಅವಳು ಕೂರುವ ಜಾಗಕ್ಕೆ ಹೊಂದಿಸಿದೆ, ಬೆಳಗಿನ ಎಳೆಬಿಸಿಲು ಕೆನ್ನೆಗೆ ತಾಗಿದರೆ ಹೊತ್ತು ತಿಳಿಯುತ್ತದೆ. ಪರದೆಗಳಿಗೆ ಇಳಕಲ್ಲಿನ ಸೀರೆಗಳ ದಪ್ಪ ಸೆರಗು. ಹಾಸಿಗೆಯ ಮೇಲೆ ಅವಳೇ ಹೊಲಿದ ಕೌದಿ. ಸೋವಿಯ ವಸ್ತು ಒಂದೂ ಅಲ್ಲಿರಲಿಲ್ಲ. ಆದರೂ ಮನೆ ನೋಡಲು ಬಂದ ನೆಂಟರಿಗೆ ಏನೂ ಕಾಣಲಿಲ್ಲ, ಇಷ್ಟೇ ಏನು ಎನ್ನುತ್ತ ಹೋದರು. ನೀಲವ್ವ ನಕ್ಕಳು. ತನ್ನ ರೊಟ್ಟಿಯನ್ನು ತಾನೇ ಬಡಿದು, ಹಂಚಿನ ಮೇಲೆ ಅದು ಉಬ್ಬುವ ವಾಸನೆ ಹಿಡಿದು ತಿರುವಿಹಾಕಿ, ನಮಗೆಲ್ಲ ಶೇಂಗಾಹಿಂಡಿ ಚಟ್ನಿಪುಡಿಯ ಜೊತೆ ಬಡಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಬಿದ್ದಳು.

ನಾನು ಹೋದಾಗ ಅವಳ ಮುಂಗೈಗೆ ಪಟ್ಟಿ ಕಟ್ಟಿದ್ದರು. ಗಚ್ಚು ಒಡೆಯಲು ಬಂದ ಕೆಲಸಗಾರರು ಸಾಮಾನಿನ ಜೊತೆ ಬಾಗಿಲಲ್ಲಿ ಕಾಯುತ್ತಿದ್ದರು. ಸಾವಕಾರ್ರ ಮುಖ ಬಿಳಿಚಿಕೊಂಡಿತ್ತು. ಅವರು ನನ್ನನ್ನು ಬೈಯಲಿಲ್ಲ. ಷರತ್ತು ನೆನಪಿದೆಯಲ್ಲ ಎಂದಷ್ಟೇ ಕೇಳಿದರು. ಇದೆ, ಆದರೆ ಎಲ್ಲಿ ಬಿದ್ದಳೆಂದು ನೋಡದೆ ಒಂದು ಏಟೂ ಹಾಕಿಸಬೇಡಿ ಎಂದು ಗಟ್ಟಿಯಾಗಿ ಹೇಳಿದೆ. ನೀಲವ್ವನೇ ಎದ್ದು ನಮ್ಮನ್ನು ಮೆಟ್ಟಿಲ ಹತ್ತಿರ ಕರೆದೊಯ್ದಳು. ಅಲ್ಲಿ ನಾನು ಹಾಕಿಸದ ವಸ್ತುವೊಂದಿತ್ತು. ಪಾದ ಹುಗಿಯುವಷ್ಟು ಮೆತ್ತನೆಯ ಉಣ್ಣೆಯ ಜಮಖಾನೆ. ಕೊರೆದ ಗೆರೆಗಳು ಅದರ ಅಡಿಯಲ್ಲಿ ಮುಚ್ಚಿಹೋಗಿದ್ದವು. ಅವಳಿಗೆ ಕಲ್ಲು ಚುಚ್ಚೀತೆಂದು ಸಾವಕಾರ್ರೇ ದೂರದ ಊರಿಂದ ತರಿಸಿ, ಅವಳು ಸ್ನಾನಕ್ಕೆ ಹೋದಾಗ ಹಾಸಿಸಿದ್ದರು. ತಾನಾಗಿ ತಿಳಿದು ಸಂತೋಷಪಡಲಿ ಎಂದು ಅವಳಿಗೆ ಮುಂಚೆ ಹೇಳಿರಲಿಲ್ಲ.

ನೀಲವ್ವ ಕಾಲಿನಿಂದ ಅದರ ಅಂಚನ್ನು ಸವರಿದಳು. "ನೀವು ಪ್ರೀತಿಲೇ ಹಾಸೀರಿ, ಖರೇ ಐತಿ" ಎಂದಳು. "ಆದ್ರ ಇದು ನನ್ನ ದಾರಿ. ನನಗ ಒಂದ್ ಮಾತು ಕೇಳಬೇಕಿತ್ತು."

ಸಾವಕಾರ್ರು ಚಪ್ಪಲಿ ಕಳಚಿದರು. ಕಣ್ಣು ಮುಚ್ಚಿ, ಗೋಡೆಯ ಅಂಚು ಹಿಡಿದು ಅಡುಗೆಮನೆಯಿಂದ ಮೆಟ್ಟಿಲವರೆಗೆ ನಡೆದು ಬಂದರು. ಜಮಖಾನೆಯ ಮೇಲೆ ಕಾಲಿಟ್ಟೊಡನೆ ತಡವರಿಸಿ ನಿಂತುಬಿಟ್ಟರು. ಕಣ್ಣು ತೆರೆದಾಗ ಅವು ತುಂಬಿದ್ದವು. ಬಗ್ಗಿ ತಾವೇ ಅದನ್ನು ಸುತ್ತಿ ಎತ್ತಿದರು, ಕೆಲಸಗಾರರಿಗೆ ಹೋಗಿಬನ್ನಿ ಎಂದರು. ಆ ಮನೆಯ ಗೋಡೆಗೆ ಮತ್ತೆ ಯಾರೂ ಉಳಿ ತಾಗಿಸಲಿಲ್ಲ.

ಕೆಲವು ವರ್ಷಗಳಲ್ಲಿ ಕತ್ತಲೆ ಪೂರ್ತಿಯಾಯಿತು. ಯಾವ ದಿನ ಎಂದು ಅವಳು ಯಾರಿಗೂ ಹೇಳಲಿಲ್ಲ, ನಮಗೂ ತಿಳಿಯಲಿಲ್ಲ. ಅವಳ ನಡಿಗೆ ಬದಲಾಗಿರಲಿಲ್ಲ. ಆಗಾಗ ಬೀಳುತ್ತಿದ್ದಳು, ಸುಳ್ಳು ಹೇಳುವುದಿಲ್ಲ. ಬಯ್ದುಕೊಂಡು ಏಳುತ್ತಿದ್ದಳು. ಮುಂದೆ ಸಾವಕಾರ್ರು ಹಾಸಿಗೆ ಹಿಡಿದಾಗ ಆ ಮನೆಯಲ್ಲಿ ಓಡಾಡುತ್ತ ಅವರಿಗೆ ಗಂಜಿ ಕುಡಿಸಿ, ಬೆನ್ನು ಒರೆಸಿ, ಕೊನೆಯವರೆಗೆ ನೋಡಿಕೊಂಡವಳು ಅವಳೇ. ದಾದಿಯನ್ನು ಇಡೋಣ ಎಂದರೆ, ತನ್ನಿಂದ ಆಗದ ದಿನ ತಾನೇ ಹೇಳುತ್ತೇನೆ ಎನ್ನುತ್ತಿದ್ದಳು. ಅವಳು ತೀರಿಕೊಂಡು ಈಗ ಹತ್ತಾರು ವರ್ಷಗಳಾದವು. ಅವಳ ಮನೆಯಂಥದೇ ಬೇಕೆಂದು ಬಂದವರಿಗೆಲ್ಲ ನಾನು ಮಾಡಿಕೊಟ್ಟೆ.

ಇದನ್ನು ನಿಮಗೆ ಬರೆಯಲು ಕಾರಣವಿದೆ. ಅರವತ್ತು ದಾಟಿದವರ ಮನೆಗಳಿಗೆಲ್ಲ ಕಾವಲುಗೋಡೆ ಕಡ್ಡಾಯ ಮಾಡಲು ನಮ್ಮ ಊರಿನ ಗೃಹಸಮಿತಿ ಹೊರಟಿದೆ. ಬೇಡ ಎನ್ನುವವರಿಗೆ ಬುದ್ಧಿ ಮಂಕಾಗಿದೆ ಎಂದು ಬರೆದುಕೊಳ್ಳುತ್ತಾರಂತೆ. ಸಮಿತಿಯಲ್ಲಿ ಕೆಟ್ಟವರಿಲ್ಲ. ಎಲ್ಲರ ಮನೆಯಲ್ಲೂ ಯಾರೋ ಒಬ್ಬ ತಾಯಿ ಬಿದ್ದಿದ್ದಾಳೆ, ಆ ಹೆದರಿಕೆಯಿಂದಲೇ ಅವರು ಈ ನಿಯಮದ ಪರವಾಗಿ ಕೈ ಎತ್ತುತ್ತಾರೆ. ಅದಕ್ಕೇ ಅವರ ಎದುರು ನಿಲ್ಲುವುದು ಕಷ್ಟ. ನಾನು ನಿಲ್ಲುತ್ತೇನೆ. ನನ್ನಂಥ ಇನ್ನೂ ಕೆಲವರು ಕೋಲು ಊರಿಕೊಂಡು ಇಲ್ಲಿ ಸಮಿತಿಯ ಕಚೇರಿಗೆ ಬಂದಿದ್ದಾರೆ.

ನಿಮ್ಮ ಮನೆಗಳು ಈಗಷ್ಟೇ ಮಾತು ಕಲಿಯುತ್ತಿವೆ ಎಂದು ಓದಿದ್ದೇನೆ. ಕರೆದರೆ ದೀಪ ಹತ್ತುತ್ತದೆ, ಹಾಡು ಬರುತ್ತದೆ. ಅವನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಮುಪ್ಪಿನವರಿಗೋ ಕಾಯಿಲೆಯವರಿಗೋ ಒಳ್ಳೆಯದಾಗಲಿ ಎಂದು ಏನನ್ನಾದರೂ ತಂದು ಹಾಕುವ ಮುನ್ನ ಅವರನ್ನೇ ಕೇಳಿ. ಬೇಡ ಎಂದರೆ ಅದನ್ನು ಉತ್ತರವೆಂದು ಒಪ್ಪಿಕೊಳ್ಳಿ. ಹಾಗೆ ಒಪ್ಪಿಕೊಳ್ಳುವ ರೂಢಿ ನಿಮ್ಮ ಮನೆಗಳಲ್ಲಿ ಉಳಿದರೆ, ನಮ್ಮವರೆಗೂ ಅದು ನಡೆದು ಬಂದೀತು.

ಸಮಿತಿಯ ಕಚೇರಿಯ ಬೆಂಚಿನ ಮೇಲೆ ಕೂತು ಇಷ್ಟು ಬರೆದೆ. ಒಳಗಿನಿಂದ ನನ್ನ ಹೆಸರು ಕೂಗುತ್ತಿದ್ದಾರೆ. ಇವತ್ತು ಸೋತರೆ ಮುಂದಿನ ಸಭೆಗೆ ಮತ್ತೆ ಬರುತ್ತೇನೆ.

ನಿಮ್ಮ ಮುಂದಿನವಳು,
ಸಫೂರಾ