ಹಾರದ ಹಿಂದಿನ ಚರಕ

ಆಗಸ್ಟ್ 5, ಮಂಗಳವಾರ
ಮತ್ತೆ ಏಳನೇ ತರಗತಿ, ಮತ್ತೆ ಸೀಮೆಸುಣ್ಣ ಇಲ್ಲ. ಸಂಜೆ ಡ್ರಾಯಿಂಗ್ ಮೇಷ್ಟ್ರು ಜಿಯಾವುಲ್ಲಾ ಸರ್ ಬಾವುಟಗಳ ಚಿತ್ರ ಬರೆದು ಮುಗಿಸಿದರು. ಸ್ವಾತಂತ್ರ್ಯೋತ್ಸವದ ಪ್ರದರ್ಶನಕ್ಕೆ ನಾನೇ ಕೊಟ್ಟ ವಿಷಯ: ನಮ್ಮ ಬಾವುಟ ಬೆಳೆದು ಬಂದ ದಾರಿ. 1931ರದು ಬಹಳ ಚೆನ್ನಾಗಿದೆ. ಕೇಸರಿ, ಬಿಳಿ, ಹಸಿರು, ನಡುವೆ ಚರಕ. ನಲವತ್ತೇಳರಲ್ಲಿ ಚರಕದ ಜಾಗಕ್ಕೆ ಚಕ್ರ ಬಂತು.
"ಚಕ್ರ ಸುಲಭ ಮೇಡಂ, ಕಂಪಾಸ್ ಇದ್ರೆ ಸಾಕು. ಈ ಚರಕ ಇದೆಯಲ್ಲ, ಪ್ರಾಣ ತಿಂತು," ಅಂದರು. ಮೂಲೆಯಲ್ಲಿ ಸಹಿ ಹಾಕಿದರು. ಯಾವಾಗಲೂ ಹಾಕುತ್ತಾರೆ.

ಆಗಸ್ಟ್ 7
ಬಾವುಟದ ಚಿತ್ರಗಳನ್ನು ಸಾಲಾಗಿ ತೂಗುಹಾಕಿದ್ದೆವು. ಯಾರೋ ಪೋಷಕರು ಚರಕದ್ದೊಂದನ್ನೇ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. ಕೆಳಗೆ ಅಂಟಿಸಿದ್ದ ಇಸವಿ ಫೋಟೋದಲ್ಲಿಲ್ಲ. ಸಹಿ ಇದೆ.
'ರಾಷ್ಟ್ರಧ್ವಜದ ಚಕ್ರ ಕಿತ್ತುಹಾಕಿದ್ದಾರೆ. ಬರೆದವರ ಹೆಸರು ಓದಿ, ಅರ್ಥ ಆಗುತ್ತೆ.'
ಕೆಳಗೆ ಸಾಲು ಸಾಲು ಹೆಬ್ಬೆಟ್ಟು.

ಆಗಸ್ಟ್ 11
ಶಾಲೆಯ ಕಾರ್ಯದರ್ಶಿ ಅಶ್ವತ್ಥ್ ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದರು. ಈ ಅಮೃತಹಳ್ಳಿಯ ಎಷ್ಟೋ ಲೇಔಟ್‌ಗಳು ಒಂದು ಕಾಲಕ್ಕೆ ಇವರ ಹೊಲ. ಶಾಲೆ ಇವರ ತಾತ ಚಿಕ್ಕಹನುಮಯ್ಯ ಕಟ್ಟಿದ್ದು.
"ಹದಿನೈದಕ್ಕೆ ಸ್ಟೇಜ್ ಮೇಲೆ ಕ್ಷಮೆ ಕೇಳ್ಬಿಡಿ ಮೇಷ್ಟ್ರೇ. ಇಲ್ಲಾಂದ್ರೆ ಕೆಲಸ ಬಿಡಿ. ನಂಗೂ ಅಡ್ಮಿಷನ್ ನೋಡ್ಬೇಕಲ್ಲ."
"ಬರೆಸಿದ್ದು ನಾನು ಸರ್. ಅದು ಮೂವತ್ತೊಂದರ—" ನನ್ನ ದನಿ ನನಗೇ ಕೇಳಿಸಲಿಲ್ಲ.
"ಶಿಲ್ಪ ಮೇಡಂ, ನಿಮ್ಮ ಹೆಸರು ಯಾರಾದ್ರೂ ಕೇಳಿದ್ರಾ?"
ಅವರ ತಲೆಯ ಮೇಲೇ ತಾತನ ಕಪ್ಪು-ಬಿಳುಪು ಫೋಟೋ. ಗಾಂಧಿ ಟೋಪಿ, ಕೈಯಲ್ಲಿ ಬಾವುಟ. ಬಾವುಟದಲ್ಲಿ ಚರಕ! ತೋರಿಸಬೇಕು ಅಂತ ಬಾಯಿ ತೆರೆದೆ... ಬರಲಿಲ್ಲ. ಥೂ ನನ್ನ ಬಾಯಿಗೆ.
ಹೊರಗೆ ಬಂದ ಮೇಲೆ ಜಿಯಾವುಲ್ಲಾ ಸರ್: "ಈ ವಯಸ್ಸಲ್ಲಿ ಇನ್ನೆಲ್ಲಿ ಹೋಗ್ಲಿ ಮೇಡಂ? ಎರಡು ಮಾತು ತಾನೇ, ಕೇಳ್ಬಿಡ್ತೀನಿ."

ಆಗಸ್ಟ್ 13
1938ರಲ್ಲಿ ವಿದುರಾಶ್ವತ್ಥದಲ್ಲಿ ಜನ ಗುಂಡೇಟು ತಿಂದದ್ದು ಇದೇ ಚರಕದ ಬಾವುಟ ಹಾರಿಸಲು ಹೋಗಿ. ದೂರದ ಊರೇನಲ್ಲ, ಯಲಹಂಕದಲ್ಲಿ ರೈಲು ಹತ್ತಿದರೆ ಆಯಿತು. ಅವರೂ ಕ್ಷಮೆ ಕೇಳಬೇಕಿತ್ತೇ?
ಕ್ಷಮೆಯ ಮಾತು ಚೆನ್ನಾಗಿ ಬರೆದುಕೊಡಲು ಅಶ್ವತ್ಥ್ ನನಗೇ ಹೇಳಿದ್ದಾರೆ. ಕನ್ನಡ ಎಂ.ಎ. ಅಲ್ಲವೇ ನಾನು! ಬರೆದೆ. ಅದನ್ನೂ ಬರೆದೆ.

ಆಗಸ್ಟ್ 15, ಮಧ್ಯಾಹ್ನ
ನಿರೂಪಣೆ ನನ್ನದೇ. ವೇದಿಕೆಯ ಮೇಲೆ ತಾತನ ಫೋಟೋ. ಅಶ್ವತ್ಥ್ ಹಾಕಿದ ಸೇವಂತಿಗೆ ಹಾರ ಸರಿಯಾಗಿ ಬಾವುಟವನ್ನೇ ಮುಚ್ಚಿತ್ತು. ಜಿಯಾವುಲ್ಲಾ ಸರ್ ಮೈಕಿನ ಮುಂದೆ ಬಂದು ನಾನು ಬರೆದ ಹಾಳೆಯ ಮಡಿಕೆ ಬಿಡಿಸಿದರು.
ಮಾತು ನನ್ನಿಂದ ಆಗುವುದಿಲ್ಲ, ಗೊತ್ತಿತ್ತು. ಹೋಗಿ ಹಾರ ಸರಿಸಿದೆ. ಚರಕದ ಮೇಲೆ ಬೆರಳಿಟ್ಟು ನಿಂತೆ. ಅಷ್ಟೇ.
ಮುಂದಿನ ಸಾಲಿನಿಂದ ಅಶ್ವತ್ಥ್ ಅವರ ತಾಯಿ ಮುನಿಕೆಂಪಮ್ಮ ಎದ್ದರು.
"ಲೇ ಅಶ್ವತ್ಥ, ಮಾವಯ್ಯನ ಕೈಲಿರೋದೂ ಅದೇ ಬಾವುಟ ಅಲ್ವೇನ್ಲಾ? ಮೇಷ್ಟ್ರುದು ತಪ್ಪಾದ್ರೆ ನಿಮ್ ತಾತುನ್ನೂ ಇಂಗೇ ನಿಲ್ಲಿಸ್ತಿದ್ದೇನ್ಲಾ?"
ಮಕ್ಕಳು ಘೊಳ್ಳೆಂದರು. ಜಿಯಾವುಲ್ಲಾ ಸರ್ ಹಾಳೆ ಮಡಚಿ ಜೇಬಿಗಿಟ್ಟು ಕೆಳಗಿಳಿದರು. ಅಶ್ವತ್ಥ್ ಕೂಡ ನಕ್ಕರು. ಎಲ್ಲರಿಗಿಂತ ಜೋರಾಗಿ.

ಆಗಸ್ಟ್ 18
ಮುಗಿಯಿತು ಅಂದುಕೊಂಡಿದ್ದೆ. ದಡ್ಡಿ. ಇವತ್ತು ಹೊಸ ಡ್ರಾಯಿಂಗ್ ಟೀಚರ್ ಬಂದರು. ಜಿಯಾವುಲ್ಲಾ ಸರ್‌ಗೆ ಸಂಜೆ ಫೋನ್ ಮಾಡಿದೆ. ಇನ್ನು ಬರಬೇಡಿ ಅಂತ ಭಾನುವಾರವೇ ಅವರಿಗೆ ಫೋನ್ ಹೋಗಿತ್ತಂತೆ.
"'ನಮ್ಮಮ್ಮನ ಕೈಲಿ ಬೈಸಿದ್ರಲ್ಲ' ಅಂದ್ರು ಅಶ್ವತ್ಥ್ ಸರ್, ಮೇಡಂ. ಹೋಗ್ಲಿ, ನೀವು ಊಟ ಬಿಡ್ಬೇಡಿ." ನನಗೇ ಸಮಾಧಾನ ಹೇಳುತ್ತಾರೆ!
ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹಾರ ಸರಿಸಿದ್ದು ನಾನು. ಈಗಲೂ ನನ್ನ ಹೆಸರು ಯಾರಿಗೂ ಬೇಕಿಲ್ಲ.
ಫೋಟೋ ಮತ್ತೆ ಆಫೀಸಿನ ಗೋಡೆಗೆ ಹೋಗಿದೆ. ಈಗ ಅದಕ್ಕೆ ದಪ್ಪ ಪ್ಲಾಸ್ಟಿಕ್ ಹಾರ. ಬಾಡುವುದಿಲ್ಲ. ಜರುಗದಂತೆ ತಂತಿ ಸುತ್ತಿ ಕಟ್ಟಿದ್ದಾರೆ.

ಆಗಸ್ಟ್ 19, ಬೆಳಿಗ್ಗೆ, ಬಸ್ಸಿನಲ್ಲಿ
ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತೇ ಇದೆ. ಬ್ಯಾಗಿನಲ್ಲಿ ಅಪ್ಪನ ಕಟಿಂಗ್ ಪ್ಲೇಯರ್. ತಂತಿಗೆ ಕತ್ತರಿ ಸಾಲದು. ಇಷ್ಟು ಹೊತ್ತಿಗೆ ಆಫೀಸಿನಲ್ಲಿ ಅಶ್ವತ್ಥ್ ಇರುತ್ತಾರೆ. ಇರಲಿ. ಅವರ ಎದುರಿಗೇ. ಚರಕ ಬರೆಸಿದ್ದು ಶಿಲ್ಪ ಅಂತ, ಕೇಳದಿದ್ದರೂ ನನ್ನ ಹೆಸರು ಹೇಳುತ್ತೇನೆ. ಮೊದಲು ತಂತಿ, ಆಮೇಲೆ—