ಪೂಜೆಗೆ ಬರುವ ಟೆಕ್ನಿಶಿಯನ್, ಪರೀಕ್ಷೆ ಮಾಡಿದ ಸಿಸ್ಟರ್

ಬೆಳಗಾವಿಯ ಆರೋಗ್ಯಾಧಿಕಾರಿಗಳ ಕುರ್ಚಿಯಲ್ಲಿರುವ ಮಾನ್ಯರೇ,

ಖಾನಾಪುರ ತಾಲ್ಲೂಕಿನ ನಮ್ಮೂರ ಆಸ್ಪತ್ರೆಯ ಸುಹಾಸಿನಿ ಸಿಸ್ಟರಿಗೆ ತಮ್ಮ ಕಚೇರಿಯಿಂದ ನೋಟಿಸು ಬಂದಿದೆ. ನರ್ಸ್ ಆಗಿದ್ದೂ ಪ್ರಯೋಗಾಲಯದ ಕೆಲಸ ಮಾಡಿದ್ದಕ್ಕೆ ಶಿಸ್ತುಕ್ರಮ ಏಕೆ ಜರುಗಿಸಬಾರದು ಎಂದು ಕೇಳಿದ್ದೀರಿ. ಕೇಳಿದ್ದು ಅವರನ್ನೇ, ಒಪ್ಪಿದೆ. ಆದರೆ ಅವರು ಸೂಜಿ ಚುಚ್ಚಿದ ಬೆರಳು ನನ್ನ ಸೊಸೆಯದು. ಹಾಗಾಗಿ ಉತ್ತರದಲ್ಲಿ ನನಗೂ ಪಾಲಿದೆ.

ನಾನು ಖಾನಾಪುರ-ಬೆಳಗಾವಿ ನಡುವೆ ಟೆಂಪೋ ಓಡಿಸುವವ. ಹಮಾಲಿಯಿಂದ ಶುರು ಮಾಡಿ ಸ್ವಂತ ಗಾಡಿ ಕಂಡವ. ಯಾವ ಮಾಲು ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು ಎಂಬುದನ್ನು ಮರೆತರೆ ನನ್ನ ಹೊಟ್ಟೆ ನಡೆಯದು. ಆ ಕಣ್ಣಿನಿಂದಲೇ ಹೇಳುತ್ತೇನೆ: ನಮ್ಮ ಆಸ್ಪತ್ರೆಯ ಲ್ಯಾಬಿನ ಬಾಗಿಲ ಮೇಲೆ ಟೆಕ್ನಿಶಿಯನ್ ಗುರುಪುತ್ರಪ್ಪನವರ ಹೆಸರಿದೆ. ಗುರುಪುತ್ರಪ್ಪನವರು ಮಾತ್ರ ನಿಯೋಜನೆಯ ಮೇಲೆ ತಮ್ಮ ಕಚೇರಿಯ ಕಂಪ್ಯೂಟರ್ ಮುಂದಿದ್ದಾರೆ. ವರ್ಷಕ್ಕೊಮ್ಮೆ ಖಂಡೇನವಮಿಯ ಆಯುಧಪೂಜೆಗೆ ಬರುತ್ತಾರೆ. ಸೂಕ್ಷ್ಮದರ್ಶಕದ ಮುಸುಕು ತೆಗೆದು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಕಾಯಿ ಒಡೆದು, ಮತ್ತೆ ಮುಸುಕು ಹೊದಿಸಿ ಸಂಜೆಯ ಬಸ್ಸು ಹಿಡಿಯುತ್ತಾರೆ.

"ಪೂಜಿ ಆತು, ಕೆಲಸಾ ಯಾವಾಗ್ರಿ ಸಾಹೇಬ್ರ?" ಎಂದು ಕೇಳಿದ್ದೆ.

"ನಾ ಬರಾಕ ತಯಾರ ಅದೀನ್ರಿ ಬಾಳಾಸಾಹೇಬ್ರ, ಆರ್ಡರ್ ಬರವಲ್ದು," ಎಂದರು. ಖರೇ ಮನುಷ್ಯ. ಅವರ ಮೇಲೆ ನನ್ನ ತಕರಾರಿಲ್ಲ.

ಉಳಿದ ದಿನಗಳಲ್ಲಿ? ಸಿಸ್ಟರ್ ರಕ್ತ ತೆಗೆದು ಐಸ್ ಡಬ್ಬಿಯಲ್ಲಿಟ್ಟು ಬೆಳಗಾವಿಯ ಲ್ಯಾಬಿಗೆಂದು ನನ್ನ ಕೈಗೆ ಕೊಡುತ್ತಾರೆ. ಕೊತ್ತಂಬರಿ ಹಿಂದೆ, ಊರಿನ ರಕ್ತ ಮುಂದೆ, ನನ್ನ ಬಾಜು ಸೀಟಿನಲ್ಲಿ. ಮರುದಿನ ವರದಿ ತರುವವನೂ ನಾನೇ. ಶಾಲೆಯನ್ನು ಅರ್ಧಕ್ಕೆ ಬಿಟ್ಟವನು ಪ್ರಯೋಗಾಲಯದ ಅಂಗವಾಗಬಹುದು, ನರ್ಸಿಂಗ್ ಓದಿದವರು ಆಗಬಾರದೇ?

ಆ ದಿನ ತುಂಬು ಬಸುರಿ ಸೊಸೆ ಮೇಘಾ ಆಸ್ಪತ್ರೆಯ ಮೆಟ್ಟಿಲಲ್ಲೇ ಏದುಸಿರು ಬಿಡುತ್ತ ಕುಳಿತುಬಿಟ್ಟಳು. ಡಾಕ್ಟರು ಬೇರೆ ಊರಿನ ಶಿಬಿರದಲ್ಲಿದ್ದರು. ಆಂಬ್ಯುಲೆನ್ಸ್ ಇನ್ನೊಂದು ಹೆರಿಗೆಗೆ ಹೋಗಿತ್ತು. ನಾನು ಅಭ್ಯಾಸಬಲದಿಂದ, "ಡಬ್ಬಿ ಕೊಡ್ರಿ ಸಿಸ್ಟರ್, ನಾಳೆ ರಿಪೋರ್ಟ್ ತರ್ತೀನಿ," ಎಂದೆ.

"ಮಾಮಾ, ನಾಳಿತನಕಾ ಡಬ್ಬಿ ತಡೀತೈತಿ, ಹುಡುಗಿ ತಡ್ಯಾಂಗಿಲ್ಲ!" ಎಂದವರೇ ಲ್ಯಾಬ್ ತೆರೆದು, ಬೆರಳಿನಿಂದ ಒಂದು ಹನಿ ತೆಗೆದು ಪುಟ್ಟ ಯಂತ್ರಕ್ಕೆ ಹಾಕಿದರು. ಅಂಕಿ ನೋಡಿದವರೇ ನನ್ನ ಕಡೆ ತಿರುಗಿದರು. "ರಕ್ತ ಭಾಳ ಕಡಿಮಿ ಐತಿ. ಕೊತ್ತಂಬ್ರಿ ಇಳಸ್ರಿ, ಸೊಸೀನ್ನ ಹತ್ತಸ್ರಿ!"

ಬೆಳಗಾವಿಯಲ್ಲಿ ಅವಳಿಗೆ ರಕ್ತ ಏರಿಸಿದರು. ಈಗ ಮನೆಯಲ್ಲಿ ಒಂದು ಹೆಣ್ಣು ಕೂಸು ಯಾರಿಗೂ ನಿದ್ದೆ ಮಾಡಗೊಡುತ್ತಿಲ್ಲ. ಅದಕ್ಕೂ ನೋಟಿಸು ಕೊಡಲು ಬರುವುದಾದರೆ ತಿಳಿಸಿ.

ನರ್ಸುಗಳು ಎಲ್ಲ ಪರೀಕ್ಷೆ ಮಾಡಲಿ ಎಂದು ನಾನು ಹೇಳುತ್ತಿಲ್ಲ. ಸಿಸ್ಟರೂ ಹೇಳುವುದಿಲ್ಲ. "ಸಕ್ಕರಿ, ರಕ್ತ, ಮೂತ್ರದ ಪಟ್ಟಿ, ಇಷ್ಟ ನಮಗ ಕಲಿಸ್ಯಾರ್ರಿ. ಮಲೇರಿಯಾ ನೋಡಂದ್ರ ನಾ ಒಲ್ಲೆ. ತಪ್ಪಾದ್ರ ಯಾರ್ದರ ಜೀವ ಹೋಗ್ತೈತಿ," ಎನ್ನುತ್ತಾರೆ. ತಮ್ಮ ಕೆಲಸ ಎಲ್ಲಿ ಮುಗಿಯುತ್ತದೆಂದು ಅವರಿಗೆ ಗೊತ್ತಿದೆ. ಅಲ್ಲಿಂದ ಮುಂದಕ್ಕೆ ಬೇಕಾದ ಮನುಷ್ಯನನ್ನು ತಾವು ಕಂಪ್ಯೂಟರ್ ಮುಂದೆ ಕೂರಿಸಿದ್ದೀರಿ. ಹಾಗಾದರೆ ನೋಟಿಸು ವಿಳಾಸ ತಪ್ಪಿ ನಮ್ಮೂರಿಗೆ ಬಂದಿಲ್ಲವಷ್ಟೇ?

ಅದನ್ನು ಹಿಂದಕ್ಕೆ ಪಡೆಯಿರಿ, ಗುರುಪುತ್ರಪ್ಪನವರನ್ನು ನಮಗೆ ಮರಳಿಸಿ. ಬಸ್ಸಿನ ತೊಂದರೆ ಎಂದರೆ ನನ್ನ ಬಾಜು ಸೀಟಿದೆ. ಅವರು ಬಂದ ಮೇಲೆ ಐಸ್ ಡಬ್ಬಿಗೆ ಅದು ಬೇಕಾಗುವುದಿಲ್ಲ.

ಇಂತಿ, ಅಲ್ಲಿಯವರೆಗೆ ತಮ್ಮ ಇಲಾಖೆಯ ಸಂಬಳವಿಲ್ಲದ ಲ್ಯಾಬ್ ಸಿಬ್ಬಂದಿ,
ಟೆಂಪೋ ಬಾಳಾಸಾಹೇಬ
ಖಾನಾಪುರ ತಾಲ್ಲೂಕು